ಸೇಡು ತೀರಿಸೋಕೆ ಗಂಡಸಿನ ಮೈಯೇ ಬೇಕಾ?

ಬರಹ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಸಮುದಾಯದವರು ತಮ್ಮ ಮೇಲಾದ ಹಲ್ಲೆಗೆ ಸೇಡು ತೀರಿಸಿಕೊಳ್ಳುವ ಥ್ರಿಲ್ಲರ್ ಸಿನಿಮಾಗಳು ಬರ್ತಾ ಇವೆ. ಏಟು ತಿಂದವರು ತಿರುಗಿ ಹೊಡೆದರೆ ನಮ್ಮಂಥವರಿಗೆ ಖುಷಿಯಾಗೋದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಸಿನಿಮಾಗಳ ಚರಿತ್ರೆ ನೋಡ್ತಾ ಹೋದರೆ ಒಂದು ಪ್ರಶ್ನೆ ಏಳುತ್ತೆ. ಸೇಡಿನ ಹೊತ್ತಿಗೆ ಅವರ ಕೈಗೆ ಬರೋ ಶಕ್ತಿ ಯಾರದ್ದು? ಅವರದ್ದೇನಾ, ಅಥವಾ ಹೊಡೆದವನ ಗಂಡಸುತನವನ್ನೇ ಕಡ ತಂದದ್ದಾ?

ಮೊದಲು ಇಂಗ್ಲೆಂಡಿಗೆ ಹೋಗೋಣ. 1961ರಲ್ಲಿ ಅಲ್ಲಿ ‘ವಿಕ್ಟಿಮ್’ ಅನ್ನೋ ಸಿನಿಮಾ ಬಂತು. ಆಗ ಗಂಡಸರಿಬ್ಬರ ಸಂಬಂಧ ಅಲ್ಲಿ ಜೈಲಿಗೆ ಹಾಕುವ ಅಪರಾಧ. ಅದನ್ನು ಅಪರಾಧ ಅಂತ ಕಾಣಬಾರದು ಎಂದು 1957ರಲ್ಲೇ ವುಲ್ಫೆಂಡನ್ ಸಮಿತಿ ವರದಿ ಕೊಟ್ಟಿತ್ತು, ಸರ್ಕಾರ ಸುಮ್ಮನೆ ಕೂತಿತ್ತು. ಕಾನೂನಿನ ಭಯ ತೋರಿಸಿ ದುಡ್ಡು ಕೀಳೋದು ಕೆಲವರಿಗೆ ದಂಧೆ ಆಗಿತ್ತು. ಸಿನಿಮಾದಲ್ಲಿ ಹಾಗೆ ಹಿಂಸೆಗೊಳಗಾದ ಬಡ ಹುಡುಗ ಪೊಲೀಸ್ ಲಾಕಪ್ಪಿನಲ್ಲಿ ನೇಣು ಹಾಕ್ಕೋತಾನೆ. ಅವನನ್ನು ಬಲ್ಲ ದೊಡ್ಡ ವಕೀಲ, ಡರ್ಕ್ ಬೊಗಾರ್ಡ್ ಮಾಡಿದ ಪಾತ್ರ, ಆ ದುಡ್ಡು ಕೀಳುವವರನ್ನು ಹುಡುಕಿ ಹಿಡಿಸ್ತಾನೆ. ಕೈ ಎತ್ತಲ್ಲ. ತನ್ನ ಹೆಸರು, ಕೆಲಸ ಎರಡೂ ಹೋಗುತ್ತೆ ಅಂತ ಗೊತ್ತಿದ್ದೂ ಕೋರ್ಟಲ್ಲಿ ಸಾಕ್ಷಿ ಹೇಳೋಕೆ ತಯಾರಾಗ್ತಾನೆ. ಇದೂ ಸೇಡೇ. ಆದರೆ ಇಲ್ಲಿ ವರ್ಗ ನೋಡಿ. ವಕೀಲನಿಗೆ ಕೋರ್ಟಿನ ಬಾಗಿಲು ಗೊತ್ತು. ಬಡ ಹುಡುಗನಿಗೆ ಸಿಕ್ಕಿದ್ದು ಲಾಕಪ್ಪು ಮಾತ್ರ.

ಆರು ವರ್ಷದ ಮೇಲೆ, 1967ರಲ್ಲಿ, ಇಂಗ್ಲೆಂಡ್ ಆ ಕಾನೂನನ್ನು ಸಡಿಲ ಮಾಡ್ತು. ಆದರೆ ಅದೇ ಇಂಗ್ಲಿಷರು 1860ರ ದಂಡಸಂಹಿತೆಯಲ್ಲಿ ನಮ್ಮ ತಲೆಗೆ ಕಟ್ಟಿಹೋದ ಸೆಕ್ಷನ್ 377 ಇಲ್ಲಿ ಮುಂದುವರಿಯಿತು. ವಯಸ್ಕರ ಒಪ್ಪಿತ ಸಂಬಂಧವನ್ನು ಅದರ ಹಿಡಿತದಿಂದ ಸುಪ್ರೀಂ ಕೋರ್ಟ್ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು.

ಈಗ ನಮ್ಮ ಕಡೆಯ ಸಿನಿಮಾ. 2011ರಲ್ಲಿ ತಮಿಳಿನ ‘ಕಾಂಚನಾ’, 2012ರಲ್ಲಿ ಅದೇ ಕಥೆ ಕನ್ನಡದಲ್ಲಿ ಉಪೇಂದ್ರ ಅವರ ‘ಕಲ್ಪನಾ’, 2020ರಲ್ಲಿ ಹಿಂದಿಯ ‘ಲಕ್ಷ್ಮೀ’. ಬಡವರಿಗೆ ಆಸ್ಪತ್ರೆ ಕಟ್ಟಿಸಬೇಕು ಅಂತ ಜಾಗ ಕೊಂಡ ಮಂಗಳಮುಖಿಯೊಬ್ಬರನ್ನು ಆ ಜಾಗಕ್ಕಾಗಿ ರಾಜಕಾರಣಿ ಕೊಲ್ತಾನೆ. ಅವರು ದೆವ್ವವಾಗಿ ಬಂದು ಸೇಡು ತೀರಿಸ್ಕೋತಾರೆ. ಜನ ಥಿಯೇಟರಿನಲ್ಲಿ ಶಿಳ್ಳೆ ಹೊಡೆದರು. ಮಂಗಳಮುಖಿ ಅಂದ್ರೆ ತಮಾಷೆ ಅಂತಿದ್ದ ಸಿನಿಮಾರಂಗದಲ್ಲಿ ಅವರ ಜಾಗ, ಅವರ ಆಸೆ, ಅವರ ಸಿಟ್ಟನ್ನು ನಡುವಿಗೆ ತಂದಿದ್ದು ಸಣ್ಣ ಮಾತಲ್ಲ.

ಆದರೆ ಗಮನಿಸಿ. ಬದುಕಿದ್ದಾಗ ಅವರಿಗೆ ನ್ಯಾಯ ಇಲ್ಲ. ಶಕ್ತಿ ಬರೋದು ಸತ್ತ ಮೇಲೆ. ಅದೂ ಹೀರೋನ ಗಂಡು ಮೈಯೊಳಗೆ ಹೊಕ್ಕಾಗ. ಆ ಪಾತ್ರ ಮಾಡಿದವರು ತಮಿಳಿನಲ್ಲಿ ಶರತ್‌ಕುಮಾರ್, ಕನ್ನಡದಲ್ಲಿ ಸಾಯಿಕುಮಾರ್, ಹಿಂದಿಯಲ್ಲಿ ಶರದ್ ಕೇಳ್ಕರ್, ಮೂವರೂ ಗಟ್ಟಿಮುಟ್ಟು ಗಂಡು ನಟರು. ಆಸ್ಪತ್ರೆಯ ಕನಸು ಕಂಡವರನ್ನು ನಾವು ಕೊನೆಗೆ ಮೆಚ್ಚಿದ್ದು ರೌಡಿ ಥರ ಹೊಡೆದಾಗ.

2023ರ ಬ್ರಿಟಿಷ್ ಸಿನಿಮಾ ‘ಫೆಮ್’ ಈ ವಿಚಾರವನ್ನೇ ಕೆದಕುತ್ತೆ. ಲಂಡನ್ನಿನ ಜೂಲ್ಸ್ ಕಪ್ಪು ಯುವಕ, ಹೆಣ್ಣುವೇಷ ಹಾಕಿ ಕ್ಲಬ್ಬಿನಲ್ಲಿ ಪ್ರದರ್ಶನ ಕೊಡುವ ಕಲಾವಿದ. ಒಂದು ರಾತ್ರಿ ಅದೇ ವೇಷದಲ್ಲಿ ಅಂಗಡಿಗೆ ಹೋದಾಗ ಪ್ರೆಸ್ಟನ್ ಅನ್ನೋನು ಗೆಳೆಯರ ಮುಂದೆ ಅವನನ್ನು ಬಡಿದು ಬೆತ್ತಲೆ ಮಾಡ್ತಾನೆ. ತಿಂಗಳುಗಳ ನಂತರ ಗಂಡಸರು ಗುಟ್ಟಾಗಿ ಸೇರೋ ಜಾಗದಲ್ಲಿ ಜೂಲ್ಸ್‌ಗೆ ಅದೇ ಪ್ರೆಸ್ಟನ್ ಕಾಣ್ತಾನೆ. ವೇಷ ಇಲ್ಲದ ಜೂಲ್ಸ್‌ನ ಗುರುತು ಅವನಿಗೆ ಹತ್ತಲ್ಲ. ಹತ್ತಿರವಾಗಿ, ಗುಟ್ಟಾಗಿ ವಿಡಿಯೋ ಮಾಡಿ ಮಾನ ತೆಗೀಬೇಕು ಅಂತ ಜೂಲ್ಸ್ ಲೆಕ್ಕ ಹಾಕ್ತಾನೆ.

ಇಲ್ಲಿ ಎರಡು ಸತ್ಯ ಹೊರಬೀಳುತ್ತೆ. ಒಂದು, ಪ್ರೆಸ್ಟನ್‌ನ ಗಂಡಸುತನವೂ ವೇಷವೇ. ಮೈತುಂಬ ಹಚ್ಚೆ, ಬಾಯಿತುಂಬ ಬೈಗುಳ, ಒಳಗೆ ಮಾತ್ರ ಗೆಳೆಯರಿಗೆ ಗೊತ್ತಾದರೆ ಏನು ಗತಿ ಅನ್ನೋ ಹೆದರಿಕೆ. ಎರಡು, ಜೂಲ್ಸ್ ಅವನ ಜೊತೆ ಓಡಾಡ್ತಾ ಅವನ ನಡೆ, ಅವನ ಮಾತು ಕಲೀತಾನೆ. ಯಾರೂ ತನ್ನನ್ನು ಕೆಣಕಲ್ಲ ಅನ್ನೋ ಸುಖ ಅವನಿಗೂ ಸಿಗುತ್ತೆ. ಸೇಡಿನ ದಾರಿಯಲ್ಲಿ ಅವನು ಕಲಿತದ್ದು ವೈರಿಯ ಕಸುಬನ್ನೇ. ಅದಕ್ಕೇ ಆ ಸಿನಿಮಾ ನೋಡಿ ಶಿಳ್ಳೆ ಹೊಡೆಯೋಕಾಗಲ್ಲ.

ಇದು ನಮಗ್ಯಾಕೆ ಬೇಕು ಅಂತೀರಾ? ಸೇಡಿನ ಕಥೆ ನಮಗೆ ಯಾಕೆ ಹಿಡಿಸುತ್ತೆ ಅಂತ ನಮಗೇ ಗೊತ್ತು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳ ಬಿಡುಗಡೆ ಆಯ್ತು, 2014ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಕೋರ್ಟಲ್ಲಿ ಸಿಗದ ನ್ಯಾಯವನ್ನು ಜನ ಪರದೆ ಮೇಲೆ ಹುಡುಕ್ತಾರೆ. ಆ ಸಿಟ್ಟು ನ್ಯಾಯವಾದದ್ದು. ಸಿಟ್ಟು ಬಿಡಿ ಅಂತ ನಾನು ಹೇಳ್ತಿಲ್ಲ.

ಆದರೆ 1927ರ ಮಾರ್ಚಿನ ಮಹಾಡ್ ನೆನಪು ಮಾಡ್ಕೊಳ್ಳಿ. ಚವದಾರ್ ಕೆರೆ ನೀರು ಮುಟ್ಟಿದ್ದಕ್ಕೆ ನಮ್ಮವರ ತಲೆ ಒಡೆದರು. ತಿರುಗಿ ಹೊಡೆಯೋಕೆ ಜನ ಸಿದ್ಧರಿದ್ದರು, ಅವರಲ್ಲಿ ಸೈನ್ಯದಲ್ಲಿ ದುಡಿದವರೂ ಇದ್ದರು. ಬಾಬಾಸಾಹೇಬರು ತಡೆದರು. ಹೆದರಿಕೆಯಿಂದ ತಡೆದದ್ದಲ್ಲ. ಕೆರೆ ಖಾಸಗಿ ಅಂತ ಸವರ್ಣೀಯರು ಹಾಕಿದ ಕೇಸನ್ನು ಹತ್ತು ವರ್ಷ ಎದುರಿಸಿ 1937ರಲ್ಲಿ ಬಾಂಬೆ ಹೈಕೋರ್ಟಲ್ಲಿ ಗೆದ್ದರು. ಅವತ್ತು ಕೇಳಿದ್ದು ನೀರು, ಗೆದ್ದಿದ್ದೂ ನೀರಿನ ಹಕ್ಕೇ. ನಮ್ಮ ರಾಜ್ಯದಲ್ಲೂ ಹಾಗೇ. ‘ಸಂಗಮ’ ಸಂಸ್ಥೆ ಹೈಕೋರ್ಟಿಗೆ ಹೋಗಿದ್ದರಿಂದ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇ. 1 ಮೀಸಲಾತಿ ಬಂತು. ಎಸ್‌ಸಿ, ಎಸ್‌ಟಿ ಸೇರಿ ಪ್ರತಿ ವರ್ಗದೊಳಗೂ ಈ ಪಾಲಿದೆ. ನಮ್ಮ ಕೇರಿಯಿಂದ ಮನೆಬಿಟ್ಟು ಹೋಗಬೇಕಾಗಿ ಬಂದ ಮಕ್ಕಳಿಗೂ ಅದು ಸಲ್ಲುತ್ತೆ.

ಹಾಗಾಗಿ ಒಂದು ಮಾತು ನಮ್ಮ ಹೋರಾಟಗಳ ಬಗ್ಗೆಯೇ ಹೇಳಬೇಕು. ಕೆಲಸ ಮಾಡದ ಅಧಿಕಾರಿಗೆ ಬಳೆ, ಸೀರೆ ಕೊಟ್ಟು ಅವಮಾನ ಮಾಡೋ ಪ್ರತಿಭಟನೆ ನಮ್ಮ ರಾಜ್ಯದಲ್ಲಿ ಎಷ್ಟೋ ನಡೆದಿವೆ, ಇನ್ನೂ ನಡೀತಿವೆ. ಮೈಕಿನಲ್ಲಿ “ನೀನು ಗಂಡಸಾ?” ಅಂತ ಕೂಗ್ತಾರೆ. ಮುಂದೆ ಕೂತ ನಮ್ಮ ಅಕ್ಕಂದಿರ ಕೈಯಲ್ಲಿ ಬಳೆ ಇರುತ್ತೆ. ಅವರ ಪಕ್ಕದಲ್ಲೇ ಒಬ್ಬ ಜೋಗಪ್ಪ ಕೂತಿದ್ದರೆ ಆ ಮಾತು ಯಾರಿಗೆ ತಾಗುತ್ತೆ? ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅಮ್ಮ ಸೀರೆ, ಬಳೆಯಲ್ಲೇ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ತಗೊಂಡರು.

ಹೊಡೆಯುವವನೇ ಗಂಡಸು, ಗಂಡಸೇ ಮನುಷ್ಯ ಅನ್ನೋ ಲೆಕ್ಕ ಜಾತಿಗೂ ಬೇಕು, ಪ್ರೆಸ್ಟನ್‌ಗೂ ಬೇಕು. ನಮಗೆ ಬೇಡ. ಮುಂದಿನ ಧರಣಿಗೆ ಅರ್ಜಿ ತನ್ನಿ, ದಾಖಲೆ ತನ್ನಿ, ತಮಟೆ ತನ್ನಿ. ಅವಮಾನ ಮಾಡೋಕೆ ಅಂತ ಬಳೆ ಮಾತ್ರ ತರಬೇಡಿ.

ಜೈ ಭೀಮ್.