ವ್ಯವಸ್ಥಿತ ಸಮೀಕ್ಷೆಯಲ್ಲಿ ಶೋಧತಂತ್ರದ ರಚನೆ: ಸಮುದಾಯ ಆರೋಗ್ಯ ಕಾರ್ಯಕರ್ತರ ಕುರಿತ ಸಾಹಿತ್ಯದ ನಿದರ್ಶನ

ಒಂದು ಪ್ರಶ್ನೆಗೆ ಸಂಬಂಧಿಸಿದ ಅಧ್ಯಯನಗಳನ್ನೆಲ್ಲ ಮೊದಲೇ ಗೊತ್ತುಪಡಿಸಿದ ವಿಧಾನದಿಂದ ಹುಡುಕಿ, ಆಯ್ದು, ಅವುಗಳ ಗುಣಮಟ್ಟವನ್ನು ಪರೀಕ್ಷಿಸಿ ಒಟ್ಟು ನಿರ್ಣಯಕ್ಕೆ ಬರುವ ಬಗೆಯ ಸಂಶೋಧನೆಗೆ ವ್ಯವಸ್ಥಿತ ಸಮೀಕ್ಷೆ ಎಂದು ಹೆಸರು. ಹುಡುಕಾಟದಲ್ಲಿ ಕೈತಪ್ಪಿದ ಅಧ್ಯಯನವನ್ನು ಮುಂದಿನ ಯಾವ ಸಂಖ್ಯಾಶಾಸ್ತ್ರವೂ ಮರಳಿ ತರಲಾರದಾದ್ದರಿಂದ ಸಮೀಕ್ಷೆಯ ವಿಶ್ವಾಸಾರ್ಹತೆ ಬಹುಮಟ್ಟಿಗೆ ಶೋಧತಂತ್ರವನ್ನೇ, ಅಂದರೆ ದತ್ತಸಂಚಯಕ್ಕೆ ಒಡ್ಡುವ ಪದಗಳ ಮತ್ತು ಅವುಗಳ ಜೋಡಣೆಯ ಕ್ರಮವನ್ನೇ, ಅವಲಂಬಿಸಿರುತ್ತದೆ. ಒಂದು ಔಷಧಿ ಒಂದು ರೋಗಕ್ಕೆ ಗುಣಕಾರಿಯೇ ಎಂಬ ಪ್ರಶ್ನೆಯಲ್ಲಿ ಈ ಕೆಲಸ ಅಷ್ಟು ಕಷ್ಟವಲ್ಲ. ಸಮುದಾಯ ಆರೋಗ್ಯ ಕಾರ್ಯಕರ್ತರು ಕೆಲಸದಲ್ಲಿ ಉಳಿಯುವುದಕ್ಕೂ ಅದನ್ನು ಬಿಡುವುದಕ್ಕೂ ಕಾರಣಗಳೇನು ಎಂಬಂಥ ಪ್ರಶ್ನೆಯಲ್ಲಿ ಮಾತ್ರ, ವಿಷಯದ ಗಡಿಯೇ ಸ್ಪಷ್ಟವಿಲ್ಲದ ಕಾರಣ, ಪ್ರತಿ ಹೆಜ್ಜೆಯಲ್ಲೂ ವಿವೇಚನೆ ಬೇಕಾಗುತ್ತದೆ.

ಮೊದಲ ತೊಡಕು ಹೆಸರುಗಳದು. ಭಾರತದಲ್ಲಿ 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಕಾರ್ಯಕರ್ತೆ, ಪಾಕಿಸ್ತಾನದ ಲೇಡಿ ಹೆಲ್ತ್ ವರ್ಕರ್, ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಶಾಸ್ಥ್ಯ ಶೇಬಿಕಾ, ಇಥಿಯೋಪಿಯಾದ ಹೆಲ್ತ್ ಎಕ್ಸ್‌ಟೆನ್ಷನ್ ವರ್ಕರ್ ಇವರೆಲ್ಲ ಸ್ಥೂಲವಾಗಿ ಒಂದೇ ವರ್ಗಕ್ಕೆ ಸೇರಿದವರು. ಮೆಡ್‌ಲೈನ್ ದತ್ತಸಂಚಯದಲ್ಲಿ ಇವರಿಗೆ 'ಕಮ್ಯೂನಿಟಿ ಹೆಲ್ತ್ ವರ್ಕರ್ಸ್' ಎಂಬ ನಿಯತ ವಿಷಯಶೀರ್ಷಿಕೆಯಿದೆ; ಮೆಶ್ ಎಂದು ಕರೆಯಲಾಗುವ ಶೀರ್ಷಿಕೆಗಳ ಪಟ್ಟಿಯಲ್ಲಿ ಅದು ಸೇರಿದೆ. ಆದರೆ ಪಬ್‌ಮೆಡ್‌ನಲ್ಲಿ ಸಿಗುವ ಎಲ್ಲ ದಾಖಲೆಗಳಿಗೂ ಮೆಶ್ ಶೀರ್ಷಿಕೆ ಇರುವುದಿಲ್ಲವಾದ್ದರಿಂದ, ಲೇಖಕರು ಶೀರ್ಷಿಕೆಯಲ್ಲೂ ಸಾರಾಂಶದಲ್ಲೂ ಬಳಸಿದ ಪದಗಳನ್ನು ಬೇರೆಯಾಗಿಯೇ ಹುಡುಕಬೇಕು. ಆಗ 'ಆಶಾ' ಎಂಬ ಸಂಕ್ಷೇಪವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆಯೇ ಕೊಟ್ಟರೆ, ಅದೇ ಸಂಕ್ಷೇಪವಿರುವ ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘದ ಬರಹಗಳೂ ಬಂದು ಸೇರುತ್ತವೆ. ಸಂಕ್ಷೇಪವನ್ನು ಕೈಬಿಡುವುದು ಇದಕ್ಕೆ ಪರಿಹಾರವಲ್ಲ, ಏಕೆಂದರೆ ಅದೊಂದನ್ನೇ ಬಳಸಿರುವ ಭಾರತೀಯ ಅಧ್ಯಯನಗಳು ಆಗ ಕಳೆದುಹೋಗುತ್ತವೆ. ಅದನ್ನು ಸಾಮೀಪ್ಯ ಸೂಚಕದ ಮೂಲಕ 'ವರ್ಕರ್' ಎಂಬಂಥ ಪದಕ್ಕೆ ಕಟ್ಟಿಹಾಕುವುದು ಮೇಲು. ಓವಿಡ್ ಜಾಲದ 'ಎಡಿಜೆ3' ಎಂಬ ಸೂಚಕವು ಎರಡು ಪದಗಳ ನಡುವೆ ಹೆಚ್ಚೆಂದರೆ ಇನ್ನೆರಡು ಪದಗಳಿರುವ ದಾಖಲೆಗಳನ್ನು ಮಾತ್ರ ಹೆಕ್ಕಿ ಕೊಡುತ್ತದೆ.

ಎರಡನೆಯ ತೊಡಕು ರಚನೆಯದು. ಪ್ರಶ್ನೆಯನ್ನು ಮುಖಗಳಾಗಿ ಬಿಡಿಸಿ, ಒಂದೊಂದು ಮುಖದ ಸಮಾನಪದಗಳನ್ನು 'ಅಥವಾ' ಎಂಬ ಸಂಬಂಧದಿಂದಲೂ ಮುಖಗಳನ್ನು ಪರಸ್ಪರ 'ಮತ್ತು' ಎಂಬ ಸಂಬಂಧದಿಂದಲೂ ಜೋಡಿಸುವುದು ರೂಢಿ. ವಿಷಯವನ್ನು ಹೀಗೆ ಮುಖಗಳಾಗಿ ವಿಂಗಡಿಸುವ ಚಿಂತನೆಗೆ 1933ರಲ್ಲಿ ಕೋಲನ್ ವರ್ಗೀಕರಣದ ಮೂಲಕ ಶಾಸ್ತ್ರೀಯ ರೂಪ ಕೊಟ್ಟ ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರೆಂಬುದು ಇಲ್ಲಿ ನೆನೆಯತಕ್ಕದ್ದು. ಆದರೆ ವರ್ಗೀಕರಣದಲ್ಲಿ ಮುಖಗಳು ಹೆಚ್ಚಿದಷ್ಟೂ ವಿಷಯ ಖಚಿತವಾಗುವಂತೆ ಶೋಧದಲ್ಲಿ ಆಗುವುದಿಲ್ಲ. ಅಲ್ಲಿ ಮುಖಗಳು ಹೆಚ್ಚಿದಂತೆ ನಷ್ಟವೂ ಹೆಚ್ಚುತ್ತದೆ. ಪ್ರತಿಯೊಂದು ಮುಖವೂ ತನ್ನ ಪಾಲಿನ ಅಧ್ಯಯನಗಳಲ್ಲಿ ಶೇ. 90ರಷ್ಟನ್ನು ಹಿಡಿಯುತ್ತದೆಂದೂ ಒಂದರ ಲೋಪಕ್ಕೂ ಇನ್ನೊಂದರ ಲೋಪಕ್ಕೂ ಸಂಬಂಧವಿಲ್ಲವೆಂದೂ ಭಾವಿಸಿದರೆ, ಎರಡು ಮುಖಗಳನ್ನು ಜೋಡಿಸಿದಾಗ ಶೇ. 81ರಷ್ಟೂ ನಾಲ್ಕನ್ನು ಜೋಡಿಸಿದಾಗ ಸುಮಾರು ಶೇ. 66ರಷ್ಟೂ ಮಾತ್ರ ಉಳಿಯುತ್ತವೆ. ಆದುದರಿಂದ ಮೇಲಿನ ಪ್ರಶ್ನೆಯಲ್ಲಿ ಕಾರ್ಯಕರ್ತರು ಮತ್ತು ಕೆಲಸದಲ್ಲಿ ಉಳಿಯುವಿಕೆ ಎಂಬ ಎರಡೇ ಮುಖಗಳನ್ನು ವಿಸ್ತಾರವಾದ ಪದಸಮೂಹದೊಂದಿಗೆ ಇಟ್ಟುಕೊಂಡು, ಗ್ರಾಮೀಣತೆ, ಪ್ರೇರಣೆ, ಸಂಭಾವನೆ ಮುಂತಾದವನ್ನು ಶೋಧದಲ್ಲಿ ತಾರದೆ, ಸಿಕ್ಕ ದಾಖಲೆಗಳನ್ನು ಓದಿ ಆಯುವ ಹಂತಕ್ಕೆ ಬಿಡುವುದೇ ಸರಿ. ಇದರಿಂದ ಓದಬೇಕಾದ ಸಾರಾಂಶಗಳ ಸಂಖ್ಯೆ ಬೆಳೆಯುವುದು ನಿಜವಾದರೂ, ಆ ಶ್ರಮ ಕಾಣದ ನಷ್ಟಕ್ಕಿಂತ ಲೇಸು.

ಇಷ್ಟಾದರೂ ದತ್ತಸಂಚಯ ಶೋಧವೊಂದೇ ಸಾಲದೆಂಬುದನ್ನು ತ್ರಿಶಾ ಗ್ರೀನ್‌ಹಾಲ್ ಮತ್ತು ರಿಚರ್ಡ್ ಪೀಕಾಕ್ ಅವರು 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಪರಿಶೀಲನೆ ತೋರಿಸಿಕೊಟ್ಟಿತು. ಆರೋಗ್ಯ ಸೇವೆಗಳಲ್ಲಿ ಹೊಸ ಪದ್ಧತಿಗಳು ಹೇಗೆ ಹರಡುತ್ತವೆ ಎಂಬ ತಮ್ಮದೇ ಸಮೀಕ್ಷೆಯ 495 ಆಕರಗಳು ಎಲ್ಲಿಂದ ಬಂದವೆಂದು ಅವರು ಲೆಕ್ಕ ಹಾಕಿದಾಗ, ಮೊದಲೇ ಗೊತ್ತುಪಡಿಸಿದ ಶೋಧದಿಂದ ದೊರೆತವು ಶೇ. 30 ಮಾತ್ರ ಎಂದು ಕಂಡುಬಂತು, ಶೇ. 51ರಷ್ಟು ಆಕರಗಳು ಒಂದು ಲೇಖನದ ಉಲ್ಲೇಖಗಳಿಂದ ಇನ್ನೊಂದಕ್ಕೆ ಸಾಗುವ ಉಲ್ಲೇಖಾನುಸರಣದಿಂದ ದೊರೆತಿದ್ದವು, ಶೇ. 24ರಷ್ಟು ಸ್ವಂತ ತಿಳಿವು ಮತ್ತು ಪರಿಚಯಗಳಿಂದ ಬಂದಿದ್ದವು. ಈ ಫಲಿತಾಂಶವನ್ನು ಶೋಧತಂತ್ರದ ವಿರುದ್ಧದ ತೀರ್ಪೆಂದು ಓದುವುದು ತಪ್ಪಾಗುತ್ತದೆ, ಏಕೆಂದರೆ ಉಲ್ಲೇಖಗಳನ್ನು ಹಿಂಬಾಲಿಸಲು ಬೇಕಾದ ಮೊದಲ ಲೇಖನಗಳು ಎಲ್ಲಿಂದಲಾದರೂ ದೊರೆಯಲೇಬೇಕು.

ಹಾಗಾಗಿ ಉಲ್ಲೇಖಾನುಸರಣವನ್ನು ಕೊನೆಯ ಪೂರಕ ಕೆಲಸವೆಂದು ಬಗೆಯದೆ ಶೋಧತಂತ್ರದ ಪರೀಕ್ಷೆಯಾಗಿಯೂ ಬಳಸಬೇಕು. ಅದರಿಂದ ದೊರೆತ ಒಂದು ಪ್ರಸ್ತುತ ಲೇಖನವು ದತ್ತಸಂಚಯದಲ್ಲಿ ಇದ್ದೂ ಶೋಧಕ್ಕೆ ಸಿಗದೆ ಹೋಗಿದ್ದರೆ, ಅದು ಯಾವ ಮುಖದಲ್ಲಿ ಜಾರಿತೆಂದು ಗುರುತಿಸಿ, ಅಲ್ಲಿಯ ಪದವನ್ನು ಪದಸಮೂಹಕ್ಕೆ ಸೇರಿಸಿ, ಶೋಧವನ್ನು ಮತ್ತೆ ನಡೆಸಿ, ಬದಲಾವಣೆಯನ್ನು ಕಾರಣಸಹಿತ ದಾಖಲಿಸಬೇಕು. ದತ್ತಸಂಚಯದಲ್ಲೇ ಇಲ್ಲದ ಲೇಖನವಾಗಿದ್ದರೆ ಪದಗಳನ್ನು ತಿದ್ದಿ ಫಲವಿಲ್ಲ. ಲ್ಯಾಟಿನ್ ಅಮೆರಿಕದ ಲಿಲಾಕ್ಸ್‌ನಂಥ ಪ್ರಾದೇಶಿಕ ದತ್ತಸಂಚಯಗಳತ್ತಲೂ ಸರ್ಕಾರಿ ಇಲಾಖೆಗಳ ವರದಿಗಳತ್ತಲೂ ಹೋಗಬೇಕು.