ಒಂದೇ ಜೈಲು, ಎರಡು ಪತ್ರಿಕೆ

1881ರಲ್ಲಿ ಪುಣೆಯಲ್ಲಿ ‘ಕೇಸರಿ’ ಶುರುವಾದಾಗ ಅದರ ಸಂಪಾದಕರು ತಿಲಕರಲ್ಲ, ಅವರ ಗೆಳೆಯ ಗೋಪಾಳ ಗಣೇಶ ಆಗರ್ಕರ್. ಮರುವರ್ಷ ಮಾನನಷ್ಟ ಕೇಸಲ್ಲಿ ಇಬ್ಬರೂ 101 ದಿನ ಒಟ್ಟಿಗೇ ಜೈಲಲ್ಲಿದ್ರು.

ಆದ್ರೆ ಬಾಲ್ಯವಿವಾಹದ ಮಾತು ಬಂದ್ರೆ ಜಗಳ. ಪರಕೀಯ ಸರ್ಕಾರ ನಮ್ಮ ಆಚಾರಕ್ಕೆ ಕೈ ಹಾಕಬಾರದು ಅನ್ನೋದು ತಿಲಕರ ವಾದ. ಆಗರ್ಕರ್ ‘ಕೇಸರಿ’ ಬಿಟ್ಟು 1888ರಲ್ಲಿ ‘ಸುಧಾರಕ’ ತಂದರು. ಸಂಪ್ರದಾಯಸ್ಥರು ಸಿಟ್ಟಿಗೆದ್ದು, ಅವರು ಬದುಕಿರುವಾಗಲೇ ಅಣಕು ಶವಯಾತ್ರೆ ಮಾಡಿದ್ರು!

1891ರಲ್ಲಿ ಕಾನೂನು ಬಂತು: ಹೆಂಡತಿಗೆ 12 ತುಂಬೋವರೆಗೂ ಗಂಡ ಅವಳನ್ನ ಮುಟ್ಟೋ ಹಾಗಿಲ್ಲ. ಮೊದಲು ಈ ವಯಸ್ಸು 10. ಬರೀ ಎರಡು ವರ್ಷ ಏರಿಸೋದಕ್ಕೂ ‘ಕೇಸರಿ’ ವಿರೋಧ.

ಆಗರ್ಕರ್ 1895ರಲ್ಲಿ ತೀರಿಕೊಂಡರು, ವಯಸ್ಸು 38. ತಿಲಕರು ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಈ ಜಗಳದಲ್ಲಿ ನಾನು ಆಗರ್ಕರ್ ಕಡೆ. ನೀವು?