ಸಾರಮೇಯನೂ ಸಭಾಮರ್ಯಾದೆಯೂ

ಕಳೆದ ಕಾರ್ತಿಕದಲ್ಲಿ ಒಂದು ಸಾಯಂಕಾಲ ನಮ್ಮ ಹಾನಗಲ್ಲಿನ ತಾರಕೇಶ್ವರ ದೇವಾಲಯದ ಅಂಗಳದಲ್ಲಿ ಸಣ್ಣದೊಂದು ಕಲಹವುಂಟಾಯಿತು. ಪರಸ್ಥಳದಿಂದ ದರ್ಶನಕ್ಕೆಂದು ಬಂದ ಕುಟುಂಬದವರು ತಾವು ಸಾಕಿದ ನಾಯಿಯನ್ನು ಹಗ್ಗದಿಂದ ಹಿಡಿದುಕೊಂಡು ಆವರಣದೊಳಗೆ ಬಂದಿದ್ದರು. ದೀಪ ಹಚ್ಚುತ್ತಿದ್ದ ವೃದ್ಧರೊಬ್ಬರು "ದೇವರ ಗುಡಿಗೆ ನಾಯಿ ತರ್ತಾರೇನ್ರೀ?" ಎಂದು ಗದರಿಸಿದರು. ಆ ಮನೆಯ ತರುಣನು "ಭೈರವನ ವಾಹನ ಇದ ಅಲ್ಲೇನ್ರೀ, ಅಜ್ಜಾರ?" ಎಂದು ಮರುಮಾತಾಡಿದನು. ವೀರಗಲ್ಲುಗಳ ಬಳಿಯಲ್ಲಿ ಕುಳಿತಿದ್ದ ನನ್ನನ್ನು ಕಂಡು ಆ ವೃದ್ಧರು "ಮಾಸ್ತರ, ನೀವ ಹೇಳ್ರಿ, ಶಾಸ್ತ್ರದಾಗ ಏನೈತಿ?" ಎಂದು ಕೇಳಿದರು. ಪಾಠಶಾಲೆಯಲ್ಲಿ ವರುಷಗಟ್ಟಲೆ ಕಲಿತವನಾದರೂ ನನಗೆ ಆ ಗಳಿಗೆಯಲ್ಲಿ ಉತ್ತರವು ಹೊಳೆಯಲಿಲ್ಲ. ಅಂದು ಹೇಳಲಾರದೆ ಹೋದುದನ್ನು ಇಂದು ವಾಚಕರ ಮುಂದೆ ಇಡುತ್ತಿದ್ದೇನೆ.

ನಾಯಿಯನ್ನು ನಾಲ್ಕು ಜನ ಸೇರುವ ಸ್ಥಳಕ್ಕೆ ಕರೆತರಬಹುದೇ ಎಂಬ ಪ್ರಶ್ನೆಯು ಪಟ್ಟಣಗಳಲ್ಲಿ ಈಚೆಗೆ ಹುಟ್ಟಿದ್ದೆಂದು ಹಲವರು ತಿಳಿದಿರುವರು. ಆದರೆ ನಮ್ಮ ಮಹಾಭಾರತವು ಈ ಪ್ರಶ್ನೆಯಿಂದಲೇ ಆರಂಭವಾಗುವದೆಂದರೆ ಅತಿಶಯೋಕ್ತಿಯಾಗಲಾರದು. ಆದಿಪರ್ವದ ಪೌಷ್ಯೋಪಾಖ್ಯಾನದಲ್ಲಿ ಜನಮೇಜಯನು ತನ್ನ ಮೂವರು ತಮ್ಮಂದಿರಾದ ಶ್ರುತಸೇನ, ಉಗ್ರಸೇನ, ಭೀಮಸೇನರೊಡನೆ ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ನಡೆಸುತ್ತಿರುವಾಗ ಒಂದು ನಾಯಿಮರಿಯು ಅಲ್ಲಿಗೆ ಬಂದಿತು. ತಮ್ಮಂದಿರು ಅದನ್ನು ಹೊಡೆದರು. ಅದು ಅಳುತ್ತ ತಾಯಿಯಾದ ದೇವಶುನಿ ಸರಮೆಯ ಬಳಿಗೆ ಓಡಿತು. 'ನೀನು ಏನೋ ತಪ್ಪು ಮಾಡಿರಬೇಕು' ಎಂದು ತಾಯಿಯು ಮೊದಲು ಮಗನನ್ನೇ ಶಂಕಿಸಿದಳೆಂಬದು ಗಮನಿಸತಕ್ಕ ಸಂಗತಿ. ತಾನು ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲವೆಂದು ಮರಿಯು ಹೇಳಿತು. ಆಗ ಸರಮೆಯು ಯಜ್ಞಶಾಲೆಗೆ ಬಂದು, ಏನೂ ಅಪರಾಧ ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳಿದಳು. ಅವರಲ್ಲಿ ಒಬ್ಬನೂ ಉತ್ತರ ಕೊಡಲಿಲ್ಲ. ನಿರಪರಾಧಿಯನ್ನು ಹೊಡೆದುದರಿಂದ ಕಣ್ಣಿಗೆ ಕಾಣದ ಭಯವೊಂದು ನಿಮಗೆ ಬರುವದೆಂದು ಅವಳು ಶಪಿಸಿದಳು. ಚಕ್ರವರ್ತಿಯು ಕಳವಳಗೊಂಡು, ಆ ಶಾಪವನ್ನು ಶಮನಗೊಳಿಸಬಲ್ಲ ಪುರೋಹಿತನನ್ನು ಹುಡುಕುತ್ತ ಹೊರಡಬೇಕಾಯಿತು.

ಯಜ್ಞಶಾಲೆಗಿಂತ ಮಡಿಯ ಸ್ಥಳವು ವೈದಿಕರಿಗೆ ಬೇರೊಂದಿಲ್ಲ. ಅಂಥಲ್ಲಿಗೆ ನಾಯಿ ಬಂದುದನ್ನು ವ್ಯಾಸರು ಸಮರ್ಥಿಸಲಿಲ್ಲ, ಖಂಡಿಸಲೂ ಇಲ್ಲ. ಅದು ಏನು ಮಾಡಿತೆಂಬದನ್ನು ವಿಚಾರಿಸದೆ ಹೊಡೆದುದನ್ನೇ ಅಪರಾಧವೆಂದು ಎಣಿಸಿದರು. ನಾಯಿಗೆ 'ಸಾರಮೇಯ'ನೆಂಬ ಹೆಸರು ಬಂದುದು ಈ ತಾಯಿಯಿಂದಲೇ.

ಈ ಕಥೆಯನ್ನು ನಾನು ತರಗತಿಗಳಲ್ಲಿ ಎಷ್ಟೋ ಸಲ ಹೇಳಿದ್ದುಂಟು. ಹೇಳುವಾಗಲೆಲ್ಲ ಒಂದು ಸಂಗತಿಯು ನೆನಪಾಗುವದು. ಅದನ್ನು ಮುಚ್ಚಿಡುವ ವಯಸ್ಸು ಈಗ ದಾಟಿತು. ಸುಮಾರು ಮೂವತ್ತೈದು ವರುಷಗಳ ಹಿಂದೆ ಈ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆನು. ಕುರಿ ಕಾಯುವವರ ಮನೆಯ ಹುಡುಗನೊಬ್ಬನ ಹಿಂದೆ ಕಂದುಬಣ್ಣದ ನಾಯಿಯೊಂದು ದಿನಾಲು ಬರುತ್ತಿತ್ತು. ಅದು ಒಂದು ದಿನವೂ ಹೊಸ್ತಿಲು ದಾಟಲಿಲ್ಲ. ಪಡಸಾಲೆಯ ಮೆಟ್ಟಿಲ ಬಳಿ ಹುಡುಗನ ಚಪ್ಪಲಿಗಳ ಹತ್ತಿರ ಮಲಗಿ, ಗಂಟೆ ಬಾರಿಸಿದಾಗ ಏಳುತ್ತಿತ್ತು. ಅಧಿಕಾರಿಗಳು ತಪಾಸಣೆಗೆ ಬರುವ ದಿನ ಅದನ್ನು ನೋಡಿ ನನಗೆ ಸಿಟ್ಟು ಬಂದಿತು. ಕೈಯಲ್ಲಿದ್ದ ಕೋಲಿನಿಂದ ಕಾಲಿಗೆ ಹೊಡೆದೆನು. ಅದು ಕುಂಟುತ್ತ ಹೋಯಿತು. ಹುಡುಗನು ಅಳಲಿಲ್ಲ, "ಅದೇನ ಮಾಡಿತ್ರೀ, ಸರ?" ಎಂದಷ್ಟೇ ಕೇಳಿದನು. ನಾನು ಉತ್ತರ ಕೊಡಲಿಲ್ಲ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಆ ಮನೆಯವರು ಕುರಿಗಳೊಡನೆ ಮುಂದಿನ ಬಯಲಿಗೆ ಹೋದರೆಂದು ತಿಳಿಯಿತು. ಕಾರಣವು ಅದೇ ಇರಬಹುದು, ನಾನೂ ಇರಬಹುದು.

ಇನ್ನು ಧರ್ಮಶಾಸ್ತ್ರದ ಮಾತು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಶ್ರಾದ್ಧಭೋಜನವು ನಾಯಿಯ ಕಣ್ಣಿಗೆ ಬೀಳಬಾರದೆಂಬ ನಿಯಮವಿದೆ. ಅದೇ ಅಧ್ಯಾಯದಲ್ಲಿ, ಅದಕ್ಕೂ ಬಹಳ ಮುಂಚೆ, ವೈಶ್ವದೇವದ ಸಂದರ್ಭದಲ್ಲಿ ಗೃಹಸ್ಥನು ನಾಯಿ ಕಾಗೆ ಮೊದಲಾದವುಗಳಿಗೆ ನೆಲದ ಮೇಲೆ ಅನ್ನವನ್ನಿಡಬೇಕು, ಅದನ್ನು ಮೆಲ್ಲಗೆ ಇಡಬೇಕು ಎಂಬ ವಿಧಿಯೂ ಇದೆ. ಎಸೆಯಬೇಕೆಂದಿಲ್ಲ. ನಮ್ಮಲ್ಲಿ ಮೊದಲನೆಯ ನಿಯಮವನ್ನು ಬಲ್ಲವರು ಬಹಳ, ಎರಡನೆಯದನ್ನು ಬಲ್ಲವರು ವಿರಳ. ಆದರೆ ಈ ಎರಡು ಪಟ್ಟಿಗಳಲ್ಲಿಯೂ ನಾಯಿಯ ಪಕ್ಕದಲ್ಲಿ ಕೆಲವು ಮನುಷ್ಯರನ್ನೂ ನಿಲ್ಲಿಸಲಾಗಿದೆ. ಬಾಲ್ಯದಲ್ಲಿ ಇದನ್ನು ಬಾಯಿಪಾಠ ಮಾಡುವಾಗ ನಮಗೆ ಏನೂ ಅನ್ನಿಸಲಿಲ್ಲ. ಈಗ ಓದಿದರೆ ನಾಚಿಕೆಯಾಗುವದು. ನಾಯಿಯು ಅಂಗಳದಲ್ಲಿ ಮಲಗಬಹುದಾಗಿದ್ದ ಮನೆಗಳ ಅಂಗಳಕ್ಕೆ ಹೊರಕೇರಿಯ ಮನುಷ್ಯನು ಕಾಲಿಡಲಾಗದ ಕಾಲವೊಂದಿತ್ತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ಅನುಚ್ಛೇದವು ಅದನ್ನು ಅಪರಾಧವೆಂದು ಸಾರಿತು. ಆದಕಾರಣ ಗುಡಿಯ ಬಾಗಿಲಲ್ಲಿ ನಿಂತು 'ಯಾರು ಬರಬಾರದು' ಎಂದು ಶಾಸ್ತ್ರವನ್ನು ಕೇಳುವವರು ಆ ಪಟ್ಟಿಯನ್ನು ಪೂರ್ತಿಯಾಗಿ ಓದಿಕೊಂಡು ಆಮೇಲೆ ಕೇಳುವದು ಒಳ್ಳೆಯದು.

ರಾಮಾಯಣದ ಉತ್ತರಕಾಂಡದಲ್ಲಿ, ಪ್ರಕ್ಷಿಪ್ತವೆಂದು ಪಂಡಿತರು ಬೇರೆ ಇಟ್ಟ ಸರ್ಗಗಳಲ್ಲಿ, ಇನ್ನೊಂದು ಸೊಗಸಾದ ಪ್ರಸಂಗವಿದೆ. ತಲೆ ಒಡೆದ ನಾಯಿಯೊಂದು ನ್ಯಾಯ ಬೇಡಿ ಶ್ರೀರಾಮನ ಬಾಗಿಲಿಗೆ ಬರುವದು. ಒಳಗೆ ಬಾ ಎಂದರೂ ಬಾರದೆ, ದೇವಾಲಯ, ರಾಜಮಂದಿರ, ಬ್ರಾಹ್ಮಣರ ಮನೆಗಳಿಗೆ ತಾನು ಅರ್ಹನಲ್ಲವೆಂದು ಹೇಳಿ, ಅಪ್ಪಣೆಗಾಗಿ ಹೊರಗೇ ಕಾಯುವದು. ಸಭಾಮರ್ಯಾದೆಯನ್ನು ಅಷ್ಟು ಬಲ್ಲ ಪ್ರಾಣಿಯನ್ನು ರಾಮನು ಒಳಗೆ ಕರೆಸಿ ವಿಚಾರಿಸಿದನು. ಹೊಡೆದವನು ಒಬ್ಬ ಭಿಕ್ಷುಬ್ರಾಹ್ಮಣ. ಏನು ದಂಡನೆಯೆಂದು ಕೇಳಿದಾಗ ನಾಯಿಯು ಅವನನ್ನು ಕಾಲಂಜರದಲ್ಲಿ ಒಂದು ಮಠದ ಅಧಿಪತಿಯನ್ನಾಗಿ ಮಾಡೆಂದು ಬೇಡಿತು. ತಾನೂ ಹಿಂದೆ ಅಂಥ ಪದವಿಯಲ್ಲಿದ್ದೇ ಈ ಜನ್ಮಕ್ಕೆ ಬಂದೆನೆಂಬದು ಅದರ ವಿವರಣೆ. ಮಠಗಳು ತುಂಬಿದ ನಮ್ಮ ನಾಡಿನಲ್ಲಿ ಇದಕ್ಕೆ ನಾನು ಟೀಕೆ ಬರೆಯಲಾರೆ.

ಧರ್ಮರಾಜನ ನಾಯಿಯ ಕಥೆಯು ಎಲ್ಲರಿಗೂ ತಿಳಿದದ್ದು. ನಮ್ಮ ಗದುಗಿನ ಭಾರತವು ಹತ್ತು ಪರ್ವಗಳಿಗೇ ನಿಂತುದರಿಂದ ಕುಮಾರವ್ಯಾಸನ ಬಾಯಿಯಿಂದ ಅದನ್ನು ಕೇಳುವ ಭಾಗ್ಯವು ನಮಗಿಲ್ಲವಾಯಿತು. ಆದರೆ ಒಂದು ಅಂಶವನ್ನು ಸಾಮಾನ್ಯವಾಗಿ ಮರೆಯುತ್ತಾರೆ. ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಸ್ಥಾನವಿಲ್ಲವೆಂಬ ನಿಯಮವನ್ನು ಇಂದ್ರನು ಕೊನೆಯ ವರೆಗೂ ಸಡಿಲಿಸಲಿಲ್ಲ. ಧರ್ಮರಾಜನು ಆ ನಿಯಮವನ್ನು ಮುರಿಯಲಿಲ್ಲ, ನಿಯಮ ಹಾಗಿದ್ದರೆ ನಾನೂ ಹೊರಗಿರುವೆನೆಂದನು. ಈಗಿನ ಕಾಲದಲ್ಲಿ ನಾಯಿಯನ್ನು ಒಳಗೆ ಬಿಡಿರೆಂದು ವಾದಿಸುವವರು ಧರ್ಮರಾಜನನ್ನು ಸಾಕ್ಷಿಗೆ ಕರೆಯುವದುಂಟು. ಅವನು ಆ ಪಕ್ಷದ ಸಾಕ್ಷಿಯಲ್ಲ. ಜೊತೆಗೆ ಬಂದುದನ್ನು ಹೊರಗೆ ಬಿಟ್ಟು ತಾನೊಬ್ಬನೇ ಒಳಗೆ ಹೋಗಲಾರೆನೆಂಬದು ಅವನ ಮಾತು. (ಪಾಣಿನಿಯು ಒಂದೇ ಸೂತ್ರದಲ್ಲಿ ನಾಯಿಯನ್ನೂ ತರುಣನನ್ನೂ ಇಂದ್ರನನ್ನೂ ಪೋಣಿಸಿದನೆಂದು ಪಾಠಶಾಲೆಯಲ್ಲಿ ನಗುತ್ತಿದ್ದೆವು. ತಾರಕೇಶ್ವರನ ಅಂಗಳದಲ್ಲಿ ಆ ದಿನ ಮೊದಲಿನಿಬ್ಬರು ಇದ್ದರು. ಇಂದ್ರನ ಪಾತ್ರವನ್ನು ಆ ವೃದ್ಧರು ವಹಿಸಿದ್ದರು.)

ಪುರಾಣವನ್ನು ಬಿಟ್ಟು ಶಿಲೆಯ ಸಾಕ್ಷ್ಯಕ್ಕೆ ಬರೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ಶಕ ೮೭೨ರ, ಎಂದರೆ ಕ್ರಿ. ಶ. ೯೪೯-೫೦ರ, ವೀರಗಲ್ಲೊಂದು ದೊರೆತಿದೆ. ಅದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರಾಜಾದಿತ್ಯನೊಡನೆ ಕಾದಿದ ಯುದ್ಧದ ವರ್ಣನೆ ಅದರಲ್ಲಿದೆ. ಆ ಯುದ್ಧದಲ್ಲಿ ಗಂಗ ಬೂತುಗನ ಸೇವಕನಾದ ಮಣಲೆರನು ಪರಾಕ್ರಮವನ್ನು ತೋರಿಸಿದನು. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಗುಡ್ಡದಲ್ಲಿ ಆ ಕಾಳಿಯೂ ಒಂದು ದೊಡ್ಡ ಹಂದಿಯೂ ಕಾದಾಡಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಅದಕ್ಕಾಗಿ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಊಟ ಮಾಡಿದ ಗೊರವನಿಗೆ ನಾಯಿಯು ಮಾಡಿದ ಪಾಪವು ತಗಲುವದೆಂದು ಶಾಸನವು ಎಚ್ಚರಿಸುತ್ತದೆ. ನಾಯಿಗೆ ಪಾಪವಿತ್ತೆಂಬದನ್ನೂ ಅದು ಮರೆಯಲಿಲ್ಲವೆಂಬದನ್ನು ನೋಡಿರಿ.

ಇಲ್ಲಿ ಎರಡು ಸಂಗತಿಗಳು ನನ್ನ ಮನಸ್ಸನ್ನು ಹಿಡಿದಿವೆ. ಕಲ್ಲು ನಿಂತದ್ದು ದೇವಾಲಯದ ಮುಂದೆ, ಒಳಗಲ್ಲ. ಎರಡನೆಯದಾಗಿ, ಪ್ರೀತಿಯ ನಾಯಿಗೆ ದೇವರ ಎದುರಿನಲ್ಲಿ ಜಾಗ ಬೇಡಿದವರು ಅದರ ವೆಚ್ಚವನ್ನು ಊರ ಮೇಲೆ ಹಾಕಲಿಲ್ಲ. ಎರಡು ಖಂಡುಗ ಭೂಮಿಯನ್ನು ತೆಗೆದಿಟ್ಟರು.

ನಮ್ಮ ಪಾನುಂಗಲ್ಲು ಐನೂರನ್ನು ಒಳಗೊಂಡ ರಾಜ್ಯವನ್ನು ೧೧೨೬ರಿಂದ ೧೧೩೮ರ ವರೆಗೆ ಆಳಿದ ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ನಾಯಿಗಳಿಗಾಗಿಯೇ ಸಾರಮೇಯವಿನೋದವೆಂಬ ಭಾಗವನ್ನಿಟ್ಟಿರುವನು. ಆದ್ದರಿಂದ ನಾಯಿಸಾಕಣೆಯ ಶೋಕಿಯು ಸಾಹೇಬರಿಂದ ಬಂದುದೆಂಬ ಮಾತು ನಿಲ್ಲಲಾರದು. ಮುಧೋಳದ ನಾಯಿಯು ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಬಂದುದನ್ನೂ ವಾಚಕರು ಬಲ್ಲರು.

ಇನ್ನು ನಮ್ಮ ನೆರೆಯ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋಗಿ ನೋಡಬೇಕು. ಅಲ್ಲಿ ಮೈಲಾರಲಿಂಗನ ಗೊರವರು ಕರಿಯ ಕಂಬಳಿಯ ಅಂಗಿ ತೊಟ್ಟು, ದೇವರ ನಾಯಿಗಳೆಂದು ತಮ್ಮನ್ನು ತಾವೇ ಕರೆದುಕೊಂಡು ಬೊಗಳುವರು. ನೆಲದ ಮೇಲಿಟ್ಟ ದೋಣಿಗೆ ಬಾಯಿ ಹಾಕಿ ಉಣ್ಣುವರು. ಆತಕೂರಿನ ಗೊರವನಿಗೂ ಇವರಿಗೂ ಹೆಸರು ಒಂದೇ. ಒಂದೇ ಪರಂಪರೆಯೆಂದು ನಾನು ಸಾಧಿಸಹೊರಡುವದಿಲ್ಲ. ಅಲ್ಲಿ ಗೊರವನು ನಾಯಿಯ ಕಲ್ಲನ್ನು ಪೂಜಿಸುವನು, ಇಲ್ಲಿ ಗೊರವನೇ ನಾಯಿಯಾಗಿ ದೇವರ ಮುಂದೆ ನಿಲ್ಲುವನು. ದೇವಾಲಯಕ್ಕೆ ನಾಯಿ ಬರಬಾರದೆಂದು ಗದರಿಸಿದ ವೃದ್ಧರು ವರುಷಕ್ಕೊಮ್ಮೆ ದೇವರಗುಡ್ಡಕ್ಕೆ ತಪ್ಪದೆ ಹೋಗುವವರು. ಅವರಿಗೆ ಇದರಲ್ಲಿ ವಿರೋಧವೇನೂ ಕಾಣುವದಿಲ್ಲ. ನಿಜವಾಗಿ ವಿರೋಧವೂ ಇಲ್ಲ. ನಾಯಿಯ ನಿಷ್ಠೆಯು ಒಳಗೆ ಬರಬಹುದು, ಅದರ ಎಂಜಲು ಬರಬಾರದು, ಇಷ್ಟೇ ಅವರ ಭಾವ.

ಈಚಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುವೆನು. ೨೦೨೨ರ ಮೇ ತಿಂಗಳಲ್ಲಿ ಒಬ್ಬರು ತಮ್ಮ ನಾಯಿಯನ್ನು ಕೇದಾರನಾಥಕ್ಕೆ ಹೊತ್ತೊಯ್ದು ಅದರ ಮುಂಗಾಲುಗಳಿಂದ ನಂದಿಯನ್ನು ಮುಟ್ಟಿಸಿದರೆಂದು ದೇಶದ ತುಂಬ ಗದ್ದಲವಾಗಿ, ದೇವಾಲಯದ ಸಮಿತಿಯು ಪೋಲೀಸರಿಗೆ ದೂರು ಕೊಟ್ಟಿತು. ಅದೇ ವರುಷ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಸಾಕುನಾಯಿಗಳನ್ನು ನಿಷೇಧಿಸುವ ಮಾತು ಹೊರಟು ಭಾರಿ ವಿರೋಧವೆದ್ದಿತು. ೨೦೨೫ರ ನವೆಂಬರ ೭ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೇಲ್ವೆ ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆರವು ಮಾಡಬೇಕೆಂದು ಆಜ್ಞಾಪಿಸಿತು. ಅದು ಒಡೆಯರಿಲ್ಲದ ನಾಯಿಗಳ ಮಾತು. ಒಡೆಯನುಳ್ಳ ನಾಯಿಯ ವಿಷಯದಲ್ಲಿ ೧೮೬೦ರ ದಂಡಸಂಹಿತೆಯ ೨೮೯ನೆಯ ಕಲಮು ಸಾಕಿದವನ ಅಲಕ್ಷ್ಯಕ್ಕೆ ಶಿಕ್ಷೆಯನ್ನು ವಿಧಿಸಿತ್ತು. ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯಸಂಹಿತೆಯ ೨೯೧ನೆಯ ಕಲಮು ಆ ಸ್ಥಾನಕ್ಕೆ ಬಂದಿದೆ. ಎರಡರಲ್ಲಿಯೂ ಅಪರಾಧಿಯು ನಾಯಿಯಲ್ಲ, ಅದನ್ನು ಕಾಯಬೇಕಾದವನು. ನಾಯಿ ಕಚ್ಚಿದ ಮಗುವಿನ ತಾಯಿಗೆ ಸರಮೆಯ ಕಥೆಯನ್ನು ಹೇಳುವದು ನಿರ್ದಯತೆಯೆಂಬದು ನನಗೆ ಗೊತ್ತಿದೆ. ಹುಚ್ಚುನಾಯಿಯ ರೋಗವು ಒಮ್ಮೆ ಮೈಯಲ್ಲಿ ತಲೆದೋರಿದ ಮೇಲೆ ಬದುಕುವವರು ಇಲ್ಲವೆಂಬಷ್ಟು ವಿರಳ. ಆದುದರಿಂದ ಲಸಿಕೆ ಹಾಕಿಸದ ನಾಯಿಯನ್ನು ಜಾತ್ರೆಗೂ ಸಂತೆಗೂ ಕರೆತರುವವನ ಪ್ರೀತಿಯನ್ನು ನಾನು ಪ್ರೀತಿಯೆಂದು ಒಪ್ಪಲಾರೆ.

ಅಂದು ಆ ವೃದ್ಧರಿಗೂ ತರುಣನಿಗೂ ನಾನು ಹೇಳಬೇಕಾಗಿದ್ದದ್ದು ಹೀಗೆ: ಗರ್ಭಗುಡಿ, ನವರಂಗ, ಪ್ರಸಾದದ ಪಂಕ್ತಿ ಇಲ್ಲಿಗೆ ನಾಯಿಯನ್ನು ತರಕೂಡದು. ಹೊರಗೆ ಮರದ ನೆರಳಿನಲ್ಲಿ, ಗಿಡ್ಡ ಹಗ್ಗದಿಂದ, ಮನೆಯವರಲ್ಲೊಬ್ಬರು ಹಿಡಿದುಕೊಂಡು ನಿಲ್ಲಬೇಕು. ಒಬ್ಬರು ದರ್ಶನ ಮಾಡಿ ಬಂದ ಮೇಲೆ ಇನ್ನೊಬ್ಬರು ಹೋಗಬೇಕು. ಅದು ಹೊಲಸು ಮಾಡಿದರೆ ತಾವೇ ತೆಗೆಯಬೇಕು. ಹಾಗೆ ನಿಂತ ನಾಯಿಯ ಮೇಲೆ ಊರವರು ಕೋಲೆತ್ತಬಾರದು, ಹುಡುಗರು ಕಲ್ಲೆಸೆಯಬಾರದು. ಆ ತರುಣನು ಕೊನೆಗೆ ಹೆಂಡತಿಯನ್ನೂ ತಾಯಿಯನ್ನೂ ಒಳಗೆ ಕಳಿಸಿ, ತಾನು ನಾಯಿಯೊಡನೆ ಹೊರಗೇ ಉಳಿದನು. ದೀಪಗಳು ಹತ್ತುವ ವರೆಗೆ ನಾನು ಅವನ ಬಳಿಯಲ್ಲಿಯೇ ಕುಳಿತಿದ್ದೆನು. ನಾಯಿಯು ನನ್ನ ಊರುಗೋಲನ್ನು ನೋಡಿ ಸ್ವಲ್ಪ ಸರಿದು ಮಲಗಿತು. ನಾನು ಅದನ್ನೆತ್ತಿ ಬೆನ್ನ ಹಿಂದೆ ಇಟ್ಟುಕೊಂಡೆನು.